ಎಫ್‌ಡಿ ಬಡ್ಡಿ ಇಳೀತು, ಚಿನ್ನ ಏರಿತು: ಕೈಲಿರೋ ಹಣ ಎಲ್ಲಿಡೋದು?

2025ರ ಡಿಸೆಂಬರ್ 5ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿಯನ್ನು, 5.25%ಗೆ ಇಳಿಸಿತು. ಆ ವರ್ಷ ಶುರುವಾದಾಗ ಅದು 6.5% ಇತ್ತು. ಆಮೇಲೆ ಓದುಗರಿಂದ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು: "ಎಲ್ಲಾ ಬದಲಾಗ್ತಿದೆ, ನಾನೂ ಬದಲಾಯಿಸಬೇಕಾ?" ನಾಲ್ಕನ್ನು ಆರಿಸಿಕೊಂಡಿದ್ದೇನೆ. ಉತ್ತರ ಕೊಡುವ ಮೊದಲು ನಾಲ್ವರಿಗೂ ನಾನು ಕೇಳಿದ್ದು ಒಂದೇ, ಈ ಹಣ ನಿಮಗೆ ಯಾವಾಗ ಬೇಕು ಅಂತ. ಮೂವರು ಪತ್ರದಲ್ಲಿ ಅದನ್ನು ಬರೆದೇ ಇರಲಿಲ್ಲ.

ಪ್ರಶ್ನೆ: ನನಗೆ 63 ವರ್ಷ. ದಾವಣಗೆರೆಯ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದೆ, ಪಿಂಚಣಿ ಇಲ್ಲ. ಪಿಎಫ್, ಗ್ರಾಚ್ಯುಟಿ ಸೇರಿ 40 ಲಕ್ಷ ಬಂದಿದ್ದನ್ನು ಒಂದೇ ಬ್ಯಾಂಕಿನಲ್ಲಿ 7.75%ಗೆ ಎಫ್‌ಡಿ ಮಾಡಿದ್ದೆ. ಜನವರಿಗೆ ಮುಗಿಯುತ್ತೆ. ಈಗ 6.75% ಅಂತಾರೆ. ಮನೆ ಖರ್ಚು ತಿಂಗಳಿಗೆ 22,000. ಮಗ ಎಲ್ಲವನ್ನೂ ಮ್ಯೂಚುವಲ್ ಫಂಡಿಗೆ ಹಾಕಿ ತಿಂಗಳು ತಿಂಗಳು ತೆಗೆಯಿರಿ ಅಂತಾನೆ. ಪರಿಚಯದವರೊಬ್ಬರು ಸಹಕಾರ ಸಂಘವೊಂದರಲ್ಲಿ 9.5% ಕೊಡಿಸ್ತೀನಿ ಅಂತಾರೆ.

ಸರ್, ಮೊದಲು ಲೆಕ್ಕ ನೋಡೋಣ. 7.75%ರಲ್ಲಿ ನಿಮಗೆ ವರ್ಷಕ್ಕೆ 3.10 ಲಕ್ಷ ಬರುತ್ತಿತ್ತು. 6.75%ಗೆ ಮತ್ತೆ ಇಟ್ಟರೆ 2.70 ಲಕ್ಷ, ಅಂದರೆ ತಿಂಗಳಿಗೆ 22,500. ಖರ್ಚಿಗೂ ಆದಾಯಕ್ಕೂ ನಡುವೆ ಉಳಿಯೋದು 500 ರೂಪಾಯಿ. ಮುಂದಿನ ವರ್ಷ ಅದೂ ಇರಲ್ಲ.

ಬಡ್ಡಿ ಇಳಿದದ್ದು ನಿಮ್ಮ ಕೈಲಿರಲಿಲ್ಲ. ಆದರೆ 40 ಲಕ್ಷವೂ ಒಂದೇ ದಿನ ಮುಗಿಯೋ ಹಾಗೆ ಇಟ್ಟಿದ್ದರಿಂದ, ಆ ದಿನ ಬ್ಯಾಂಕ್ ಏನು ಕೊಡುತ್ತೋ ಅದೇ ನಿಮ್ಮ ಇಡೀ ಸಂಸಾರದ ಆದಾಯ ಅನ್ನೋ ಹಾಗಾಗಿದೆ. ಈ ಸಲ ಅದನ್ನು ಸರಿ ಮಾಡಿಬಿಡಿ.

30 ಲಕ್ಷವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಈಗ ಅಲ್ಲಿ 8.2% ಇದೆ, ಒಬ್ಬರಿಗೆ ಗರಿಷ್ಠ 30 ಲಕ್ಷ. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ನಿಮ್ಮ ಖಾತೆಗೆ ಬರುತ್ತೆ. ಇದರಲ್ಲಿ ನನಗೆ ಇಷ್ಟವಾಗೋ ಅಂಶ ಬೇರೆ ಇದೆ. ನೀವು ಖಾತೆ ತೆರೆದ ದಿನದ ದರ ಐದು ವರ್ಷಕ್ಕೂ ನಿಮಗೆ ಖಾಯಂ, ನಾಳೆ ಸರ್ಕಾರ 7.5%ಗೆ ಇಳಿಸಿದರೂ ನಿಮ್ಮದು ಇಳಿಯಲ್ಲ. ಸಣ್ಣ ಉಳಿತಾಯದ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ, ಹಾಗಾಗಿ ಎಫ್‌ಡಿ ಕೈಗೆ ಬಂದ ಮೇಲೆ ನಿಧಾನ ಮಾಡಬೇಡಿ. ಮಧ್ಯದಲ್ಲಿ ಮುಚ್ಚಿದರೆ ದಂಡ ಇದೆ, ಒಂದು ವರ್ಷದ ಒಳಗೆ ಮುಚ್ಚಿದರಂತೂ ಬಡ್ಡಿಯೇ ಇಲ್ಲ. ಆದ್ದರಿಂದ ಆಸ್ಪತ್ರೆಗೆ, ಮದುವೆ ಮುಂಜಿಗೆ ಅಂತ ಬೇಕಾಗೋ ಹಣ ಇಲ್ಲಿಗೆ ಬೇಡ.

ಅದಕ್ಕೆ 4 ಲಕ್ಷ ಪಕ್ಕಕ್ಕಿಡಿ. ಅದನ್ನೂ ಒಂದೇ ಎಫ್‌ಡಿ ಮಾಡಬೇಡಿ. ಒಂದು ಲಕ್ಷದ ನಾಲ್ಕು ಮಾಡಿ, ಒಂದೊಂದು ವರ್ಷದ ಅಂತರದಲ್ಲಿ ಮುಗಿಯಲಿ. ಈ ಎರಡೂ ಸೇರಿದರೆ ವರ್ಷಕ್ಕೆ ಸುಮಾರು 2.73 ಲಕ್ಷ. ನಲವತ್ತು ಲಕ್ಷ ಪೂರ್ತಿ ಎಫ್‌ಡಿ ಇಟ್ಟರೆ ಬರೋದಕ್ಕಿಂತ ಸ್ವಲ್ಪ ಜಾಸ್ತಿಯೇ, ಅದೂ 34 ಲಕ್ಷದಲ್ಲಿ. ಉಳಿದ 6 ಲಕ್ಷ ಈಗ ಸದ್ಯಕ್ಕೆ ನಿಮಗೆ ಬೇಡದ ಹಣ ಆಯ್ತು.

ಆ ಆರು ಲಕ್ಷದ ಮಟ್ಟಿಗೆ ನಿಮ್ಮ ಮಗ ಹೇಳೋದು ಸರಿ. 2025ರ ಅಕ್ಟೋಬರಿನಲ್ಲಿ ಚಿಲ್ಲರೆ ಹಣದುಬ್ಬರ, ಅಂದರೆ ಅಂಗಡಿ ಬೆಲೆಗಳ ಏರಿಕೆ, ಬರೀ 0.25% ಅಂತ ಸರ್ಕಾರದ ಲೆಕ್ಕ ಬಂತು. ತರಕಾರಿ, ಬೇಳೆ ಅಗ್ಗವಾಗಿದ್ದರಿಂದ ಹಾಗೆ ಬಂದದ್ದು, ಆರ್‌ಬಿಐ ಬಡ್ಡಿ ಇಳಿಸಲು ಧೈರ್ಯ ಮಾಡಿದ್ದೂ ಬಹಳ ಮಟ್ಟಿಗೆ ಅದೇ ಕಾರಣಕ್ಕೆ. ಮೆಡಿಕಲ್ ಶಾಪಿನ ಬಿಲ್ ಆ ಲೆಕ್ಕ ಕೇಳಲ್ಲ ಅಲ್ವಾ. ಬೆಲೆ ವರ್ಷಕ್ಕೆ 6% ಏರುತ್ತಾ ಹೋದರೆ ಇವತ್ತಿನ 22,000 ನಿಮಗೆ 75 ಆಗುವಷ್ಟರಲ್ಲಿ 44,000 ಆಗುತ್ತೆ. ಹಾಗಾಗಿ ಈ ಹಣವನ್ನು ಒಂದು ಒಳ್ಳೆ ಹೈಬ್ರಿಡ್ ಫಂಡಿಗೆ (ಷೇರು, ಸಾಲಪತ್ರ ಎರಡರಲ್ಲೂ ಹಣ ಹಾಕೋ ಮ್ಯೂಚುವಲ್ ಫಂಡ್) ವರ್ಷ, ಒಂದೂವರೆ ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, 70 ದಾಟೋವರೆಗೆ ಮುಟ್ಟಬೇಡಿ.

ಆದರೆ 40 ಲಕ್ಷವೂ ಫಂಡಿಗೆ ಅನ್ನೋದು ಬೇಡ. 2008ರ ಜನವರಿಯಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ದಾಟಿತ್ತು, ಅದೇ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ಬಂತು. ಫಂಡಿನಲ್ಲಿ ನಿಮ್ಮ ಪಾಲನ್ನು ಯೂನಿಟ್ ಅಂತಾರೆ, ಒಂದು ಯೂನಿಟ್ ಬೆಲೆ 100 ಇದ್ದಾಗ 22,000 ರೂಪಾಯಿಗೆ 220 ಯೂನಿಟ್ ಮಾರಿದರೆ ಸಾಕು, 50 ಆದಾಗ 440 ಮಾರಬೇಕು. ಮಾರುಕಟ್ಟೆ ಆಮೇಲೆ ಚೇತರಿಸಿಕೊಳ್ಳುತ್ತೆ ನಿಜ, ಮಾರಿಹೋದ ಯೂನಿಟ್ ಚೇತರಿಸಿಕೊಳ್ಳಲ್ಲ. ನಿಮ್ಮ ಮಗನಿಗೆ ಸಂಬಳ ಬರ್ತಿದೆ, ಅವನು ಕಾಯಬಹುದು.

ಇನ್ನು 9.5%. ಸಹಕಾರ ಬ್ಯಾಂಕೇ ಬೇರೆ, ಪತ್ತಿನ ಸಹಕಾರ ಸಂಘ, ಸೌಹಾರ್ದಗಳೇ ಬೇರೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಂಘದ ಠೇವಣಿಗೆ ಅದು ಇಲ್ಲ. ಬ್ಯಾಂಕ್ ಆದರೂ ತೊಂದರೆ ಆದಾಗ ಹೇಗಿರುತ್ತೆ ಅನ್ನೋದಕ್ಕೆ 2020ರ ಜನವರಿ ನೆನಪಿಸಿಕೊಳ್ಳಿ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ, ಲಕ್ಷ ಲಕ್ಷ ಇಟ್ಟವರಿಗೂ ಅಷ್ಟೇ. ಅವರಲ್ಲಿ ಬಹಳಷ್ಟು ಜನ ನಿಮ್ಮ ಹಾಗೆ ನಿವೃತ್ತರು. ಪರಿಚಯದವರಿಗೆ ಬೇಜಾರಾಗದ ಹಾಗೆ ಇಲ್ಲ ಅಂದುಬಿಡಿ.

ಅಂದ ಹಾಗೆ ಏಪ್ರಿಲ್ ಬಂದ ಕೂಡಲೇ, ಬಡ್ಡಿಯಲ್ಲಿ ಟಿಡಿಎಸ್ (ಮೊದಲೇ ಹಿಡಿದುಕೊಳ್ಳೋ ತೆರಿಗೆ) ಹಿಡಿಯಬೇಡಿ ಅನ್ನೋ ಫಾರಂ ಕೊಡೋದು ಮರೆಯಬೇಡಿ. ತೆರಿಗೆಯೇ ಬರದ ಆದಾಯಕ್ಕೆ ಟಿಡಿಎಸ್ ಹಿಡಿಸಿಕೊಂಡು ಆಮೇಲೆ ರಿಫಂಡಿಗೆ ಕಾಯೋದು ಸುಮ್ನೆ ತಲೆನೋವು.

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇವೆ, ವಯಸ್ಸು 36 ಮತ್ತು 34. ಮ್ಯೂಚುವಲ್ ಫಂಡಿನಲ್ಲಿ 22 ಲಕ್ಷ ಇದೆ, ಹೆಚ್ಚಿನದು ಸ್ಮಾಲ್‌ಕ್ಯಾಪ್ (ಸಣ್ಣ ಕಂಪನಿಗಳ ಷೇರು) ಮತ್ತು ಟೆಕ್ನಾಲಜಿ ಫಂಡ್. ಕಂಪನಿ ಷೇರು 9 ಲಕ್ಷದ್ದು. ಗೃಹಸಾಲ 50 ಲಕ್ಷ. ಒಂದು ವರ್ಷದಿಂದ ಎಸ್‌ಐಪಿ (ಫಂಡಿಗೆ ಕಟ್ಟೋ ತಿಂಗಳ ಕಂತು) ಏನೂ ಬೆಳೆದಿಲ್ಲ, ಚಿನ್ನ ಮಾತ್ರ ಓಡ್ತಿದೆ. ಎಸ್‌ಐಪಿ ನಿಲ್ಲಿಸಿ ಚಿನ್ನಕ್ಕೆ ಹಾಕೋಣ ಅಂತ ಯೋಚನೆ. ಮದುವೆಯ ಒಡವೆ 200 ಗ್ರಾಂ ಇದೆ, ಅದು ಲಾಕರ್‌ನಲ್ಲಿದೆ.

ಪತ್ರದ ಕೊನೆಯಲ್ಲಿ ಹಾಗೇ ಸುಮ್ಮನೆ ಬರೆದ ಆ ಒಡವೆಯ ಸಾಲು ನೋಡಿ. ಇವತ್ತಿನ ಬೆಲೆಯಲ್ಲಿ 200 ಗ್ರಾಂ ಅಂದರೆ 20 ಲಕ್ಷದ ಮೇಲೆಯೇ ಆಗುತ್ತೆ. ನಿಮ್ಮ ಫಂಡುಗಳ ಒಟ್ಟು ಮೊತ್ತಕ್ಕೆ ಹತ್ತಿರ ಹತ್ತಿರ ಸಮ. ಅಂದರೆ ಚಿನ್ನ ಇಲ್ಲ ಅನ್ನೋ ಕೊರಗಿನಲ್ಲಿರೋ ನಿಮ್ಮ ಹತ್ತಿರ ಬೇಕಾದ್ದಕ್ಕಿಂತ ಜಾಸ್ತಿ ಚಿನ್ನ ಇದೆ! ಒಡವೆ ಮಾರಿ ಅಂತ ನಾನು ಹೇಳಲ್ಲ, ಹೇಳಿದರೆ ನಿಮ್ಮ ತಾಯಂದಿರು ನನ್ನನ್ನು ಬಿಡಲ್ಲ. ಆದರೆ ಲೆಕ್ಕಕ್ಕೆ ಸೇರಿಸಿ.

ಚಿನ್ನ ಯಾಕೆ ಇಷ್ಟು ಏರಿತು ಅನ್ನೋದು ಗೊತ್ತಿದ್ದರೆ ಅವಸರ ಕಡಿಮೆಯಾಗುತ್ತೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಅಮೆರಿಕ, ಯುರೋಪ್ ಸೇರಿ ರಷ್ಯಾದ ವಿದೇಶಿ ಮೀಸಲನ್ನು ತಡೆಹಿಡಿದವು. ಡಾಲರ್ ನಂಬಿಕೊಂಡರೆ ನಮಗೂ ಹೀಗಾಗಬಹುದು ಅಂತ ಹಲವು ದೇಶಗಳ ಕೇಂದ್ರ ಬ್ಯಾಂಕ್‌ಗಳು ಚಿನ್ನ ಕೊಳ್ಳೋದನ್ನು ಜಾಸ್ತಿ ಮಾಡಿದವು. 2025ರಲ್ಲಿ ಟ್ರಂಪ್ ಸುಂಕದ ಗಲಾಟೆ ಬಂತು. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿತು, 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿತು. ಚಿನ್ನ ಆಮದಾಗೋದು ಡಾಲರ್‌ನಲ್ಲಿ, ರೂಪಾಯಿ ಇಳಿದಷ್ಟೂ ಇಲ್ಲಿ ಅದು ಏರುತ್ತೆ. ಇವುಗಳಲ್ಲಿ ಯಾವುದು ಮುಂದಿನ ವರ್ಷವೂ ಹೀಗೇ ಇರುತ್ತೆ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. 2012ರ ಕೊನೆಯಲ್ಲಿ 10 ಗ್ರಾಂಗೆ 30,000 ದಾಟಿದ್ದ ಚಿನ್ನ 2018ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಆಗ ಯಾರೂ ಎಸ್‌ಐಪಿ ನಿಲ್ಲಿಸಿ ಚಿನ್ನ ಕೊಳ್ಳೋಣ ಅಂತ ಪತ್ರ ಬರೆಯುತ್ತಿರಲಿಲ್ಲ.

ನನ್ನ ಚಿಂತೆ ಚಿನ್ನದ್ದಲ್ಲ. ಇಬ್ಬರ ಸಂಬಳವೂ ಐಟಿಯಿಂದ. ಕಂಪನಿ ಷೇರು ಐಟಿ. ಫಂಡಿನ ದೊಡ್ಡ ಪಾಲು ಟೆಕ್ನಾಲಜಿ. ಮನೆಯೂ ಬೆಂಗಳೂರಿನಲ್ಲಿ, ಅದರ ಬೆಲೆ ನಿಂತಿರೋದೂ ಅದೇ ಐಟಿ ಮೇಲೆ. ಒಂದೇ ಗೂಟಕ್ಕೆ ಮನೆಯ ದನಗಳನ್ನೆಲ್ಲ ಕಟ್ಟಿದ ಹಾಗಿದೆ. ಕಂಪನಿಗೆ ಕೆಟ್ಟ ಕಾಲ ಬಂದರೆ ಕೆಲಸ ಹೋಗೋದೂ, ಷೇರು ಬೀಳೋದೂ, ಫಂಡ್ ಇಳಿಯೋದೂ ಒಂದೇ ವಾರದಲ್ಲಿ ಆಗಬಹುದು, ಇಎಂಐ ಮಾತ್ರ 5ನೇ ತಾರೀಕಿಗೆ ಸರಿಯಾಗಿ ಕಟ್ ಆಗುತ್ತೆ. ಹಾಗಾಗಿ ಎಸ್‌ಐಪಿ ನಿಲ್ಲಿಸಬೇಡಿ, ಅದರ ದಿಕ್ಕು ಬದಲಿಸಿ. ಟೆಕ್ನಾಲಜಿ ಫಂಡಿಗೆ ಹೊಸ ಹಣ ಸಾಕು, ಆ ಕಂತನ್ನು ನಿಫ್ಟಿ 50 ಅಥವಾ ನಿಫ್ಟಿ 500 ಇಂಡೆಕ್ಸ್ ಫಂಡಿಗೆ, ಅಂದರೆ ಆ ಸೂಚ್ಯಂಕದಲ್ಲಿರೋ ಎಲ್ಲಾ ಕಂಪನಿಗಳಿಗೂ ಹಣ ಹಂಚೋ ಫಂಡಿಗೆ, ತಿರುಗಿಸಿ. ಸ್ಮಾಲ್‌ಕ್ಯಾಪ್ ಇರಲಿ, ಆದರೆ ಷೇರಿನ ಪಾಲಿನಲ್ಲಿ ಐದನೇ ಒಂದು ಭಾಗ ದಾಟದಿರಲಿ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕರಗಿತ್ತು. ನಿಮ್ಮದು ಒಂದು ವರ್ಷದ ಬೇಸರ, ಅದು ಎರಡು ವರ್ಷದ್ದು.

ಕಂಪನಿ ಷೇರನ್ನು ವರ್ಷ ವರ್ಷ ಸ್ವಲ್ಪ ಮಾರುತ್ತಾ ಬನ್ನಿ. ಅದು ಭಾರತದಲ್ಲಿ ಲಿಸ್ಟ್ ಆದ ಕಂಪನಿಯದಾಗಿದ್ದು, ಒಂದು ವರ್ಷ ದಾಟಿದ್ದರೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ಇಬ್ಬರಿಗೂ ಬೇರೆ ಬೇರೆ ಮಿತಿ. ಬಂದ ಹಣದಲ್ಲಿ ಮೊದಲು ಒಂಬತ್ತು ತಿಂಗಳ ಖರ್ಚು, ಇಎಂಐ ಸೇರಿ, ಎಫ್‌ಡಿ ಅಥವಾ ಲಿಕ್ವಿಡ್ ಫಂಡಿನಲ್ಲಿ (ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಇಡೋ ಫಂಡ್) ನಿಲ್ಲಿಸಿ. ಆರು ತಿಂಗಳು ಸಾಕು ಅಂತ ಎಲ್ಲರೂ ಹೇಳ್ತಾರೆ. ಇಬ್ಬರೂ ಒಂದೇ ಕ್ಷೇತ್ರದಲ್ಲಿದ್ದರೆ ಸಾಲದು.

ಬಡ್ಡಿ ಇಳಿಕೆಯಿಂದ ನಿಜವಾಗಿ ಲಾಭ ಆಗೋದು ನಿಮಗೇ, ಗೃಹಸಾಲದಲ್ಲಿ. ರೆಪೊಗೆ ಜೋಡಿಸಿದ ಸಾಲವಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ. ಹಳೆ ಎಂಸಿಎಲ್‌ಆರ್ (ಬ್ಯಾಂಕ್ ತನ್ನದೇ ವೆಚ್ಚ ನೋಡಿ ಗೊತ್ತುಮಾಡೋ ದರ) ಸಾಲವಾಗಿದ್ದರೆ ಇಳಿಕೆ ನಿಧಾನವಾಗಿ ಬರುತ್ತೆ, ಸಣ್ಣ ಶುಲ್ಕ ಕಟ್ಟಿ ಬದಲಾಯಿಸಿಕೊಳ್ಳಬಹುದು. 50 ಲಕ್ಷಕ್ಕೆ 20 ವರ್ಷದ ಅವಧಿ ಅಂದುಕೊಳ್ಳಿ. 8.75%ರಲ್ಲಿ ಇಎಂಐ ಸುಮಾರು 44,200, 7.5%ಗೆ ಇಳಿದರೆ 40,300. ಬ್ಯಾಂಕ್ ಇಎಂಐ ಕಡಿಮೆ ಮಾಡ್ತೀವಿ ಅಂದರೆ ಬೇಡ ಅನ್ನಿ, ಹಳೆಯದನ್ನೇ ಕಟ್ಟಿ. ಸಾಲ ಹದಿನಾರೂವರೆ ವರ್ಷಕ್ಕೇ ತೀರುತ್ತೆ. ಚಿನ್ನ ಮುಂದೆ ಏನಾಗುತ್ತೋ ಗೊತ್ತಿಲ್ಲ, ಈ ಉಳಿತಾಯವಂತೂ ಖಚಿತ.

ಇಷ್ಟಾದ ಮೇಲೂ ಚಿನ್ನ ಬೇಕೇ ಬೇಕು ಅನ್ನಿಸಿದರೆ ಗೋಲ್ಡ್ ಇಟಿಎಫ್ (ಚಿನ್ನದಲ್ಲಿ ಹಣ ಹಾಕೋ, ಷೇರಿನ ಹಾಗೆ ಕೊಳ್ಳಬಹುದಾದ ಫಂಡ್) ತಗೊಳ್ಳಿ, ಒಡವೆ ಬೇಡ. ಒಡವೆಗೆ ವೇಸ್ಟೇಜು, ಮಜೂರಿ ಕೊಟ್ಟು ಕೊಂಡ ದಿನವೇ ನಷ್ಟದಲ್ಲಿರುತ್ತೀರಿ. ಸರ್ಕಾರ ಮಾರುತ್ತಿದ್ದ ಸವರನ್ ಗೋಲ್ಡ್ ಬಾಂಡ್ 2024ರ ಫೆಬ್ರವರಿ ನಂತರ ಹೊಸದಾಗಿ ಬಂದಿಲ್ಲ. ಆ್ಯಪ್‌ಗಳಲ್ಲಿ ಮಾರೋ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿಲ್ಲ ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯೇ 2025ರ ನವೆಂಬರಿನಲ್ಲಿ ಎಚ್ಚರಿಸಿದೆ.

ಪ್ರಶ್ನೆ: ವಯಸ್ಸು 25, ಹುಬ್ಬಳ್ಳಿ. ಎಸ್‌ಐಪಿ ತುಂಬಾ ನಿಧಾನ. ಆಪ್ಷನ್ಸ್ ಟ್ರೇಡಿಂಗ್ ಕಲಿತು ತಿಂಗಳಿಗೆ 5% ಮಾಡಬಹುದಾ?

ಎಫ್‌ಅಂಡ್‌ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್ ಟ್ರೇಡಿಂಗ್) ಮಾಡಿದ ಬಿಡಿ ಹೂಡಿಕೆದಾರರಲ್ಲಿ 93% ಜನ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಹಣ ಕಳೆದುಕೊಂಡರು ಅಂತ ಸೆಬಿ ಹೇಳಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಬೇಡ ತಮ್ಮಾ. ಕೋರ್ಸಿಗೆ ಕೊಡಬೇಕೆಂದಿರೋ ದುಡ್ಡನ್ನೂ ಎಸ್‌ಐಪಿಗೇ ಹಾಕು.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಮೂರೂವರೆ ಎಕರೆ ಅಡಿಕೆ ತೋಟ. ಈ ಸಲ ಖರ್ಚು ಕಳೆದು 12 ಲಕ್ಷ ಕೈಲಿದೆ. ಪಕ್ಕದ ತೋಟ ಮಾರಾಟಕ್ಕಿದೆ, ಸಾಲ ಮಾಡಿ ಕೊಳ್ಳಲಾ ಅಥವಾ ಷೇರು ಫಂಡಿಗೆ ಹಾಕಲಾ?

ಪಕ್ಕದ ತೋಟ ಬಿಟ್ಟುಕೊಡೋದು ಕಷ್ಟ, ಅದು ಗೊತ್ತು. ಆದರೂ ನಾನು ಬೇಡ ಅಂತೀನಿ. ನಿಮ್ಮ ಆಸ್ತಿ ಈಗಲೇ ಒಂದು ಬೆಳೆ, ಒಂದು ಊರಿನ ಮಳೆ, ಒಂದು ಮಂಡಿಯ ರೇಟಿನ ಮೇಲೆ ನಿಂತಿದೆ. ಎಲೆಚುಕ್ಕಿ ರೋಗ ಬಂದರೆ ಬೇಲಿ ನೋಡಿ ನಿಲ್ಲಲ್ಲ, ಕೊಳೆರೋಗ ಬಂದರೂ ಎರಡೂ ತೋಟಕ್ಕೆ ಒಟ್ಟಿಗೇ. ಸಾಲದ ಕಂತು ಮಾತ್ರ ಬೆಳೆ ನೋಡಿಕೊಂಡು ಬರಲ್ಲ.

ಸಂಬಳದವರ ಲೆಕ್ಕ ನಿಮಗೆ ಹೊಂದಲ್ಲ, ನಿಮ್ಮ ಆದಾಯ ವರ್ಷಕ್ಕೊಂದು ಸಲ ಬರೋದು, ಅದೂ ಎಷ್ಟು ಅಂತ ಮೊದಲೇ ಗೊತ್ತಿರಲ್ಲ. ಆದ್ದರಿಂದ ಪೂರ್ತಿ ಒಂದು ವರ್ಷದ ಮನೆ ಖರ್ಚು ಮತ್ತು ತೋಟದ ಖರ್ಚು, ಔಷಧಿ ಹೊಡೆಯೋದು, ಗೊಬ್ಬರ, ಅಡಿಕೆ ಗೊನೆ ತೆಗೆಸೋದು ಎಲ್ಲಾ ಸೇರಿಸಿ, ಬೇರೆ ಎಫ್‌ಡಿಯಲ್ಲಿ ಇಡಿ. ಅದು 6 ಲಕ್ಷ ಆದರೂ ಆಗಲಿ. ಅದಿದ್ದರೆ ರೇಟ್ ಬಿದ್ದಾಗ ಅಡಿಕೆಯನ್ನು ಅವಸರದಲ್ಲಿ ಮಾರಬೇಕಾಗಲ್ಲ, ಇದಕ್ಕಿಂತ ದೊಡ್ಡ ರಿಟರ್ನ್ ಯಾವ ಫಂಡೂ ಕೊಡಲ್ಲ ಅಂತ ನನ್ನ ಅಭಿಪ್ರಾಯ. 1.5 ಲಕ್ಷ ಪಿಪಿಎಫ್‌ಗೆ, 7.1% ಇದೆ, ಬಡ್ಡಿಗೆ ತೆರಿಗೆ ಇಲ್ಲ. ಉಳಿದದ್ದನ್ನು ಲಿಕ್ವಿಡ್ ಫಂಡಿನಲ್ಲಿಟ್ಟು ಅಲ್ಲಿಂದ ತಿಂಗಳು ತಿಂಗಳು ಒಂದು ಇಂಡೆಕ್ಸ್ ಫಂಡಿಗೆ ವರ್ಗಾಯಿಸಲು ಹೇಳಿ. ಬೆಳೆ ಕೆಟ್ಟ ವರ್ಷ ಹೊಸದಾಗಿ ಏನೂ ಹಾಕಬೇಡಿ, ಬೇಸರವೂ ಮಾಡಿಕೊಳ್ಳಬೇಡಿ.

ತೆರಿಗೆ ವಿಷಯದಲ್ಲಿ ಒಂದು ಮಾತು. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಆ ಹಣ ಎಫ್‌ಡಿ ಆದ ಮೇಲೆ ಬರೋ ಬಡ್ಡಿ ಕೃಷಿ ಆದಾಯ ಅಲ್ಲ. ಮಂಡಿಯ ಪಟ್ಟಿಗಳನ್ನು ಒಂದು ಫೈಲಿನಲ್ಲಿ ಹಾಕಿಡಿ, ಹಣ ಎಲ್ಲಿಂದ ಬಂತು ಅಂತ ಇಲಾಖೆ ಕೇಳಿದರೆ ತೋರಿಸೋಕೆ ಬೇಕಾಗೋದು ಅವೇ.