ಮೊಮ್ಮಗಳ ಜೂನಿಯರ್ ವರ್ಷ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮೊಮ್ಮಗಳು ಹನ್ನೊಂದನೆಯ ತರಗತಿಗೆ ಬಂದಿದ್ದಾಳೆ. ಅಲ್ಲಿ ಅದನ್ನು ಜೂನಿಯರ್ ವರ್ಷ ಎನ್ನುತ್ತಾರಂತೆ. ಫೋನಿನಲ್ಲಿ ಮಾತಾಡಿದಾಗಲೆಲ್ಲ ತರಗತಿಯವರು ತಿನಿಸು ಮಾರಿ ಹಣ ಕೂಡಿಸಿದ್ದು, ನೃತ್ಯಕೂಟಕ್ಕೆ ಸಿದ್ಧತೆ ನಡೆಸುತ್ತಿರುವುದು, ಇದೇ ಸುದ್ದಿ. ಇಲ್ಲಿ ಪಿಯುಸಿ ಮಕ್ಕಳು ಸಿಇಟಿ ಎಂದು ಹಗಲಿರುಳು ಓದುತ್ತಿರುವಾಗ ಇವಳು ಕಾಲ ಕಳೆಯುತ್ತಿದ್ದಾಳೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಇಲ್ಲ. ಅಮೆರಿಕದ ನಾಲ್ಕು ವರ್ಷಗಳ ಹೈಸ್ಕೂಲಿನಲ್ಲಿ ಬಹುಪಾಲು ಮಕ್ಕಳಿಗೆ ಅತ್ಯಂತ ಭಾರವೆನಿಸುವ ವರ್ಷ ಇದೇ. ನಮ್ಮ ದ್ವಿತೀಯ ಪಿಯುಸಿಯಂತೆ ಕೊನೆಗೆ ಎಲ್ಲವನ್ನೂ ತೀರ್ಮಾನಿಸುವ ಒಂದು ಪರೀಕ್ಷೆ ಅಲ್ಲಿಲ್ಲ. ಹೋಂವರ್ಕ್, ಕಿರುಪರೀಕ್ಷೆ, ಪ್ರಬಂಧ, ಪ್ರಯೋಗಾಲಯದ ವರದಿ ಇವೆಲ್ಲವುಗಳ ಅಂಕ ಸೇರಿ ಗ್ರೇಡ್ ಆಗುವುದರಿಂದ ಓದು ವರ್ಷವಿಡೀ ಹರಡಿಕೊಂಡಿರುತ್ತದೆ, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಕಾಲೇಜಿನ ಅರ್ಜಿಗಳನ್ನು ಹನ್ನೆರಡನೆಯ ತರಗತಿಯ ಮೊದಲ ತಿಂಗಳುಗಳಲ್ಲೇ ಸಲ್ಲಿಸಬೇಕಾಗುವುದರಿಂದ, ಅವುಗಳಲ್ಲಿ ಕಾಣುವ ಕೊನೆಯ ಪೂರ್ಣ ವರ್ಷದ ಗ್ರೇಡುಗಳು ಹನ್ನೊಂದನೆಯ ತರಗತಿಯವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಪ್ರವೇಶಕ್ಕಾಗಿ ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡುವುದೇ ಇಲ್ಲ; ಅದು ಲೆಕ್ಕಹಾಕುವ ಸರಾಸರಿ ಹತ್ತು ಮತ್ತು ಹನ್ನೊಂದನೆಯ ತರಗತಿಗಳದ್ದು.

ಬೇರೆ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕುವವರು ಅಕ್ಟೋಬರಿನಲ್ಲಿ ಎಸ್‌ಎಟಿಯ ಪೂರ್ವಾಭ್ಯಾಸದಂತಿರುವ ಪಿಎಸ್‌ಎಟಿ, ವಸಂತದಲ್ಲಿ 1600 ಅಂಕಗಳ ಎಸ್‌ಎಟಿ ಅಥವಾ ಅದೇ ಬಗೆಯ 36 ಅಂಕಗಳ ಎಸಿಟಿ ಬರೆಯುತ್ತಾರೆ. ಕಾಲೇಜು ಮಟ್ಟದ ಎಪಿ ವಿಷಯಗಳನ್ನು ತೆಗೆದುಕೊಂಡಿದ್ದರೆ ಮೇ ತಿಂಗಳಲ್ಲಿ ಅವುಗಳ ಪರೀಕ್ಷೆ. ಶಿಫಾರಸು ಪತ್ರ ಬೇಕಾದವರು ಬೇಸಿಗೆ ರಜೆಗೆ ಮುನ್ನವೇ ಅಧ್ಯಾಪಕರನ್ನು ಕೇಳಿಕೊಳ್ಳುವುದು ವಾಡಿಕೆ.

ಇನ್ನು ತಿನಿಸು ಮಾರಾಟದ ವಿಷಯ. ಅನೇಕ ಶಾಲೆಗಳಲ್ಲಿ ವಸಂತದ ಪ್ರಾಮ್ ನೃತ್ಯಕೂಟವನ್ನು ಏರ್ಪಡಿಸುವ ಹೊಣೆ ಜೂನಿಯರ್ ತರಗತಿಯದು. ತರಗತಿಯವರೇ ಚುನಾಯಿಸಿದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳು ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಸಭಾಂಗಣ ಗೊತ್ತುಮಾಡಬೇಕು, ಟಿಕೆಟಿನ ಬೆಲೆ ನಿರ್ಧರಿಸಬೇಕು, ಹಣ ಸಾಲದಿದ್ದರೆ ಕೂಡಿಸಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು. ಹದಿನಾರರ ವಯಸ್ಸಿಗೆ ಇದು ಸಣ್ಣ ಕೆಲಸವಲ್ಲ, ಮತ್ತು ಇದನ್ನು ಕಲಿಸುವ ಪಠ್ಯಪುಸ್ತಕ ನಮ್ಮಲ್ಲೂ ಇಲ್ಲ, ಅಲ್ಲೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳ ಒಳಗೆ ಉತ್ತರಿಸಬೇಕು. ಅವುಗಳಲ್ಲಿ ಒಂದು ನಾಯಕತ್ವದ ಅನುಭವವನ್ನೇ ಕೇಳುತ್ತದೆ. ಅರ್ಜಿಯಲ್ಲಿ ತೋರಿಸುವುದಕ್ಕೆಂದೇ ಹತ್ತು ಸಂಘಗಳಿಗೆ ಹೆಸರು ಕೊಡುವ ಮಕ್ಕಳೂ ಇದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಮೊಮ್ಮಗಳು ಒಂದೇ ಕೆಲಸದ ಬಗ್ಗೆ ತಿಂಗಳುಗಟ್ಟಲೆ ಹೇಳುತ್ತಿದ್ದಾಳೆಂದರೆ ಅವಳ ಮನಸ್ಸು ನಿಜವಾಗಿ ಅದರಲ್ಲಿದೆ. ಕೂಡಿಸಿದ ಹಣದ ಲೆಕ್ಕ ಹೇಗೆ ಇಡುತ್ತಾರೆಂದು ಕೇಳಿ ನೋಡಿ, ಅವಳಿಗೆ ಸಂತೋಷವಾದೀತು.

ಒಂದು ಕಿವಿಮಾತು: ಮನೆಯ ಮದುವೆ-ಮುಂಜಿಗೆ ಅವಳನ್ನು ಊರಿಗೆ ಕರೆಸುವುದಿದ್ದರೆ ಜೂನ್ ಮಧ್ಯದ ನಂತರದ ದಿನಗಳನ್ನು ನೋಡಿ. ಡಿಸೆಂಬರಿನಲ್ಲಿ ರಜೆ ಆರಂಭವಾಗುವ ಮೊದಲೇ ಹೊರಡಿಸಿದರೆ, ಎಷ್ಟೋ ಶಾಲೆಗಳಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆಗಳು ತಪ್ಪುತ್ತವೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಮಗನಿಗೆ ಪಿಎಸ್‌ಎಟಿಯಲ್ಲಿ ಉತ್ತಮ ಅಂಕ ಬಂದಿದೆ. ಆ ಅಂಕಗಳ ಆಧಾರದ ಮೇಲೆ ಸ್ಪರ್ಧೆ ನಡೆಸಿ ಕೊಡುವ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಅವನು ಅರ್ಹನೇ?
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ವೀಸಾ ಈಗ ಅಡ್ಡಿಯಲ್ಲ. ಹಿಂದೆ ಈ ಸ್ಪರ್ಧೆ ಅಮೆರಿಕದ ಪೌರರಿಗೆ, ಹಾಗೂ ಪೌರತ್ವ ಪಡೆಯುವ ಉದ್ದೇಶವುಳ್ಳ ಗ್ರೀನ್ ಕಾರ್ಡುದಾರರಿಗೆ ಮೀಸಲಾಗಿತ್ತು, ಗ್ರೀನ್ ಕಾರ್ಡಿಗೆ ಅರ್ಜಿ ಸಲ್ಲಿಸಿ, ಅದು ತಿರಸ್ಕೃತವಾಗದಿದ್ದವರನ್ನೂ ಪರಿಗಣಿಸುತ್ತಿದ್ದರು. ಈಗ ಅಮೆರಿಕದ ಹೈಸ್ಕೂಲಿನಲ್ಲಿ ಓದುವವರಿಗೆ ಪೌರತ್ವದ ಆ ನಿಯಮವಿಲ್ಲ, ಪೌರತ್ವವನ್ನು ನೋಡುವುದು ಹೊರದೇಶಗಳಲ್ಲಿ ಓದುವವರಿಗೆ ಮಾತ್ರ. ಗ್ರೀನ್ ಕಾರ್ಡಿಗೆ ಭಾರತೀಯರ ಸರದಿ ಬಹಳ ಉದ್ದವಿರುವುದರಿಂದ ಅನೇಕ ಕುಟುಂಬಗಳು ಆ ಕೊನೆಯ ಹಂತದ ಅರ್ಜಿಯನ್ನೇ ಹಾಕಲಾಗದೆ ಕಾದಿವೆ, ಚೆನ್ನಾಗಿ ಓದಿದ ಮಗುವಿಗೆ ಆ ಹಳೆಯ ನಿಯಮ ನಿಜಕ್ಕೂ ನೋವಿನ ಸಂಗತಿಯಾಗಿತ್ತು. ಉಳಿದ ನಿಯಮಗಳನ್ನು ಶಾಲೆಯ ಕೌನ್ಸೆಲರ್ ಅವರಿಂದ ಈಗಲೇ ತಿಳಿದುಕೊಳ್ಳಿ.