ಹಿರಿಯ ಸಿಸ್ಟರ್‌ಗಳು ನನ್ನ ಮಾತು ಕೇಳುತ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ನರ್ಸಿಂಗ್ ಡಿಪ್ಲೊಮಾ (ಜಿ.ಎನ್.ಎಂ.) ಆದ ಮೇಲೆ ನರ್ಸಿಂಗ್ ಪದವಿ (ಪೋಸ್ಟ್ ಬೇಸಿಕ್ ಬಿ.ಎಸ್ಸಿ.) ಮಾಡಿದ್ದೇನೆ. ಎರಡು ತಿಂಗಳಿಂದ ಬಾಣಂತಿಯರ ವಾರ್ಡಿಗೆ ಇನ್‌ಚಾರ್ಜ್ ಆಗಿದ್ದೇನೆ. ನನಗಿಂತ ಹಿರಿಯ ಸಿಸ್ಟರ್‌ಗಳು ನನ್ನ ಮಾತು ಕೇಳುವುದಿಲ್ಲ. ಜೋರು ಮಾಡಿದರೆ ಮುಖ ತಿರುಗಿಸುತ್ತಾರೆ. ನಾಯಕತ್ವ ಕಲಿಯಲು ಯಾವ ಕೋರ್ಸ್ ಸೇರಲಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಕೋರ್ಸ್ ವಿಷಯ ಆಮೇಲೆ ನೋಡೋಣ ತಂಗಿ. ಮೊದಲು ಈ ಜೋರು ಮಾಡುವುದನ್ನು ಬಿಡಿ. ಅದರಿಂದ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ನಾನೂ ಹೊಸದಾಗಿ ಇನ್‌ಚಾರ್ಜ್ ಆಗಿದ್ದು ಬಾಣಂತಿಯರ ವಾರ್ಡಿಗೇ. ಸಣ್ಣ ವಿಷಯಕ್ಕೆ ರಾತ್ರಿ ಡಾಕ್ಟರನ್ನು ಎಬ್ಬಿಸಿದಳೆಂದು ಒಬ್ಬ ಹುಡುಗಿಯನ್ನು ರೋಗಿಗಳ ಮನೆಯವರ ಎದುರೇ ಬೈದೆ. ಮುಂದಿನ ವಾರ ಅವಳದೇ ರಾತ್ರಿ ಪಾಳಿ. ಹೆರಿಗೆಯಾಗಿ ಮೂರು ಗಂಟೆಯಾಗಿದ್ದ ಒಬ್ಬಾಕೆಯ ನಾಡಿ 120ಕ್ಕೆ ಏರಿತ್ತು. ಬಿ.ಪಿ. ಇನ್ನೂ 110/70 ಇತ್ತು. ರಕ್ತ ಹೋಗುತ್ತಿರುವಾಗ ಮೊದಲು ಏರುವುದು ನಾಡಿ, ಬಿ.ಪಿ. ಬೀಳುವುದು ಆಮೇಲೆ. ಅದು ಆ ಹುಡುಗಿಗೂ ಗೊತ್ತಿತ್ತು. ಆದರೆ ಮತ್ತೆ ಬೈಸಿಕೊಳ್ಳುವ ಭಯ. ಇನ್ನೊಂದು ಸಲ ನೋಡೋಣ ಅಂತ ಕಾದಳು. ಪ್ಯಾಡ್ ನೆನೆದು ಬೆಡ್‌ಶೀಟಿಗೆ ಇಳಿದ ಮೇಲೆ ಫೋನ್ ಮಾಡಿದಳು. ತಾಯಿ ಉಳಿದಳು. ಅವಳಿಗೆ ಎರಡು ಬಾಟಲಿ ರಕ್ತ ಕೊಡಬೇಕಾಯಿತು. ತಪ್ಪು ಆ ಹುಡುಗಿಯದಲ್ಲ, ನನ್ನದು. ಮರುದಿನ ಎಲ್ಲರ ಎದುರು ಹಾಗೇ ಹೇಳಿ ಅವಳ ಕ್ಷಮೆ ಕೇಳಿದೆ.

ಆಮೇಲೆ ಪಾಳಿ ಬದಲಾಗುವಾಗ ಡ್ಯೂಟಿ ಟೇಬಲ್ ಹತ್ತಿರ ಕೂತು ರಿಜಿಸ್ಟರ್ ಓದುವುದನ್ನು ನಿಲ್ಲಿಸಿದೆ. ಹೋಗುವವರು, ಬರುವವರು, ನಾನು, ಎಲ್ಲರೂ ಒಂದೊಂದು ಮಂಚದ ಹತ್ತಿರ ನಿಂತು ಮಾತಾಡುತ್ತಿದ್ದೆವು. ಡಾಕ್ಟರಿಗೆ ಫೋನ್ ಮಾಡುವಾಗ ನಾಲ್ಕು ಮಾತು ಸಾಕು: ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಇದಕ್ಕೆ ಎಸ್‌ಬಾರ್ (SBAR) ಅನ್ನುತ್ತಾರೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಪದ್ಧತಿ. ನಮ್ಮ ಹುಡುಗಿಯರಿಗೆ ಕಷ್ಟವಾಗುವುದು ಮೂರನೆಯ ಮಾತು. ‘ರಕ್ತಸ್ರಾವ ಅನ್ನಿಸ್ತಿದೆ ಸರ್’ ಎನ್ನಲು ನಾಲಿಗೆ ಏಳುವುದಿಲ್ಲ. ಅದನ್ನು ಹೇಳಿಸಿ ಹೇಳಿಸಿ ರೂಢಿ ಮಾಡಿಸಿ. ತಪ್ಪಾದರೂ ಪರವಾಗಿಲ್ಲ, ನಿಮ್ಮ ಹಿಂದೆ ನಾನಿದ್ದೇನೆ ಎನ್ನಿ.

ಇನ್ನು ಹಿರಿಯರು. ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ನಿನ್ನೆ ಬಂದವಳ ಕೈಕೆಳಗೆ ನಿಲ್ಲುವುದು ನೋವೇ ಅಲ್ವಾ? ಅವರಲ್ಲಿ ಯಾರಿಗೆ ಏನು ಚೆನ್ನಾಗಿ ಬರುತ್ತದೆ ನೋಡಿ. ಸಿಗದ ನರಕ್ಕೂ ಒಂದೇ ಸಲಕ್ಕೆ ಸೂಜಿ ಹಾಕುವ ಸಿಸ್ಟರ್ ಒಬ್ಬರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ‘ಅಕ್ಕಾ, ಈ ಹೊಸಬರಿಗೆ ನೀವೇ ಕಲಿಸಿ’ ಎನ್ನಿ. ಸುಮ್ನೆ ಹೊಗಳಲಿಕ್ಕಲ್ಲ, ನಿಜವಾಗಿ ಆ ಕೆಲಸ ಅವರಿಗೇ ಬಿಡಿ.

ಡ್ಯೂಟಿ ಪಟ್ಟಿಯನ್ನೂ ಒಬ್ಬರೇ ಬರೆಯಬೇಡಿ, ಅವರನ್ನು ಕೂರಿಸಿಕೊಂಡು ಬರೆಯಿರಿ. ಈ ಸಲ ದೀಪಾವಳಿಯ ರಾತ್ರಿ ಪಾಳಿಗೆ ಮೊದಲ ಹೆಸರು ನಿಮ್ಮದೇ ಇರಲಿ.