ಸ್ಟೇಪ್ಲರ್ ದಿಂಬಾದದ್ದೇಕೆ?

ಮೇಜಿನ ಮೇಲಿನ 15 ಸೆಂ.ಮೀ. ಸ್ಟೇಪ್ಲರನ್ನು 90 ಸೆಂ.ಮೀ.ಗೆ ಹಿಗ್ಗಿಸಿ, ಮೆತ್ತನೆಯ ಶಿಲ್ಪವಾಗಿ ಕೆಂಪು ರೆಕ್ಸಿನ್‌ನಲ್ಲಿ ಹೊಲಿದಿದ್ದೀರಿ. ಹತ್ತಿ ಗಿಡಿದು ತುಂಬಿದರೂ ಅದು ದಿಂಬಿನಂತೆಯೇ ಕಾಣುತ್ತದೆ, ಮೂಲೆಯಲ್ಲಿ ಹೊಲಿಗೆಯೂ ಬಿಡುತ್ತಿದೆ, ಇನ್ನಷ್ಟು ತುಂಬಲೇ ಎಂದು ಕೇಳಿದ್ದೀರಿ. ಬೇಡ. ಇರುವುದರಲ್ಲೇ ಅರ್ಧ ತೆಗೆಯಿರಿ.

ಎರಡೇ ತುಂಡನ್ನು ಅಂಚಿಗೆ ಅಂಚು ಕೂಡಿಸಿ ತುಂಬಿದರೆ ಚಪ್ಪಟೆ ಇರಬೇಕಾದದ್ದೆಲ್ಲ ಉಬ್ಬಿ ದುಂಡಾಗುತ್ತದೆ. ನಡುವೆ ಪಕ್ಕದ ಪಟ್ಟಿ ಬೇಕು. ಅಸಲಿ ಸ್ಟೇಪ್ಲರ್ 3.5 ಸೆಂ.ಮೀ. ಅಗಲವಿದ್ದರೆ, ಆರು ಪಟ್ಟು ಹಿಗ್ಗಿಸಿದ ಲೆಕ್ಕಕ್ಕೆ ಪಟ್ಟಿಯ ಅಗಲ 21 ಸೆಂ.ಮೀ. ದಪ್ಪ ದಾರವನ್ನು ತೆಳು ಪಟ್ಟಿಯಲ್ಲಿ ಸುತ್ತಿ ಅಂಚಿನ ಹೊಲಿಗೆಯಲ್ಲಿ ಸೇರಿಸಿ, ಅಂದರೆ ಪೈಪಿಂಗ್ ಕೊಡಿ, ಲೋಹದ ಗೆರೆ ಅಲ್ಲೇ ಮೂಡುತ್ತದೆ. ಚಪ್ಪಟೆ ಮುಖಗಳ ಒಳಗೆ 10 ಮಿ.ಮೀ. ಫೋಮ್ ಹಾಳೆ ಸಾಕು.

ಸ್ಟೇಪ್ಲರನ್ನು ದೂರದಿಂದಲೇ ಗುರುತಿಸುವುದು ಅದರ ತೆರೆದ ಬಾಯಿಯಿಂದ. ನೀವು ಬಾಯನ್ನು ಬರಿಯ ಹೊಲಿಗೆಯ ಗೆರೆಯಾಗಿಸಿದ್ದೀರಿ. ದೊಡ್ಡ ತಪ್ಪು ಇದೇ. ಮೇಲಿನ ತೋಳು, ಕೆಳಗಿನ ಪಾದ ಎರಡನ್ನೂ ಬೇರೆ ಬೇರೆ ಹೊಲಿದು ಹಿಂಬದಿಯಲ್ಲಿ ಮಾತ್ರ ಕೂಡಿಸಿ. ಕೀಲಿನ ಹತ್ತಿರ ಬಿಗಿಯಾಗಿ, ಮೂತಿಯತ್ತ ಬರಬರುತ್ತ ಸಡಿಲವಾಗಿ ತುಂಬಿ. ಆಗ ತೋಳು ತನ್ನ ಭಾರಕ್ಕೆ ತಾನೇ ಬಾಗಿ ಪಾದದ ಮೇಲೆ ಒರಗುತ್ತದೆ. ಅಮೆರಿಕದ ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ 1963ರಲ್ಲಿ ವಿನೈಲ್ ಹೊಲಿದು, ಬೂರುಗದ ಹತ್ತಿ ತುಂಬಿ ಮಾಡಿದ ಮೆತ್ತನೆಯ ಟೈಪ್‌ರೈಟರ್, ಸಾರ್ವಜನಿಕ ಟೆಲಿಫೋನ್‌ಗಳ ಚಿತ್ರಗಳನ್ನು ಗಮನವಿಟ್ಟು ನೋಡಿ. ಅವು ಕುಸಿದಿರುವ ರೀತಿಯಲ್ಲೇ ಜೀವವಿದೆ. ಗಟ್ಟಿ ವಸ್ತುವೊಂದು ಆಯಾಸಗೊಂಡಂತೆ ಕಾಣುವ ಆ ಕ್ಷಣಕ್ಕಾಗಿಯೇ ಇಷ್ಟೆಲ್ಲ ಶ್ರಮ. ತುರುಕಿ ತುಂಬಿದರೆ ಅದೇ ಸತ್ತುಹೋಗುತ್ತದೆ.

ಇನ್ನು ಹೊಲಿಗೆ. ರೆಕ್ಸಿನ್‌ನಲ್ಲಿ ಸೂಜಿ ಮಾಡಿದ ತೂತು ಮತ್ತೆ ಮುಚ್ಚುವುದಿಲ್ಲ. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಿನುದ್ದಕ್ಕೂ ಹರಿಯುತ್ತದೆ. ನಿಮ್ಮ ಮೂಲೆಗಳಿಗೆ ಆಗಿರುವುದು ಅದೇ. 16 ನಂಬರಿನ ಸೂಜಿ, 4 ಮಿ.ಮೀ. ಹೊಲಿಗೆ ಇರಲಿ. ಗುಂಡುಪಿನ್ನು ಚುಚ್ಚಬೇಡಿ, ಕ್ಲಿಪ್ ಹಾಕಿ. ಹೊಲಿಗೆ ಯಂತ್ರದ ಪಾದ ಅಂಟಿಕೊಂಡರೆ ರೆಕ್ಸಿನ್ ಮೇಲೊಂದು ತೆಳುಕಾಗದವಿಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಇಸ್ತ್ರಿ ಖಂಡಿತ ಬೇಡ, ಕರಗುತ್ತದೆ. ಬಿಟ್ಟ ಮೂಲೆಯನ್ನು ಅದೇ ಸಾಲಿನಲ್ಲಿ ಮತ್ತೆ ಹೊಲಿಯಬೇಡಿ, 6 ಮಿ.ಮೀ. ಒಳಕ್ಕೆ ಸರಿದು, ಹಿಂದೆ ಹತ್ತಿ ಬಟ್ಟೆಯ ಪಟ್ಟಿಯನ್ನು ಸೇರಿಸಿ ಹೊಲಿಯಿರಿ.

ಗೋಡೆಗೆ ತೂಗುಹಾಕುವುದಾದರೆ ಹತ್ತಿ ಕೆಳಗಿಳಿದು ಗಂಟುಕಟ್ಟುತ್ತದೆ, ಅದಕ್ಕೆ ಒಳಗೆ ಎರಡು ಅಡ್ಡ ಬಟ್ಟೆ ಹಾಕಿ. ಹತ್ತಿ ತುಂಬುವ ಬಾಯಿ ತಳದಲ್ಲಿ, ಒಂದು ಕೈ ಹೋಗುವಷ್ಟಿರಲಿ. ಅದನ್ನು ಮುಚ್ಚುವ ಮುಂಚೆ ಎರಡು ದಿನ ತೂಗುಹಾಕಿ, ಎಲ್ಲಿ ಜೋಲುತ್ತದೆ ನೋಡಿ, ಕೈಹಾಕಿ ಹತ್ತಿ ಸರಿಪಡಿಸಿ.